ರೋಲರಿಗೆ ನೀರು ಕುಡಿಸಿದ್ದು

ಉಗಿ ರೋಲರನ್ನು ದುರಸ್ತಿ ಮಾಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ಆ ಶನಿವಾರ ಬೆಳಿಗ್ಗೆ ಹತ್ತೂವರೆಯ ತನಕ ನಾನು ನಂಬಿದ್ದೆ. ಹತ್ತೂವರೆಗೆ ಏನಾಯಿತೆಂಬುದನ್ನು ಕ್ರಮವಾಗಿ ಹೇಳುತ್ತೇನೆ. ನಾನು ಪತ್ರಿಕೆಯೊಂದರ ಹೊನ್ನಾವರದ ಬಾತ್ಮೀದಾರ. ಯಾವ ಸಂಗತಿಯನ್ನೂ ಸ್ವತಃ ಪರಿಶೀಲಿಸದೆ ಬರೆಯುವವನಲ್ಲ. ಈ ಸದ್ಗುಣವೇ ನನ್ನನ್ನು ಮುಳುಗಿಸಿತು!

ನಮ್ಮ ಕಡೆ ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕಾರು ವರ್ಷಗಳಾಗಿದ್ದವು. ಹೊಳೆಗೆ ಸೇತುವೆ ಇನ್ನೂ ಇರಲಿಲ್ಲ. ಲಾರಿಗಳು ಜೋಡುದೋಣಿಯ ಮೇಲೆ ನಿಂತು ದಾಟುತ್ತಿದ್ದವು. ರಸ್ತೆ ಕೆಲಸಕ್ಕೆ ಡೀಸೆಲ್ ರೋಲರುಗಳು ಬಂದಿದ್ದರಿಂದ ಹಳೆಯ ಉಗಿ ರೋಲರು ಬಂದರಿನ ಹತ್ತಿರ, ಹೊಳೆಯ ದಂಡೆಯಲ್ಲಿ, ಎರಡು ಮಳೆಗಾಲ ಕಳೆದಿತ್ತು. ಚಿಮಣಿಗೆ ಬಳ್ಳಿ ಹಬ್ಬಿತ್ತು. ಗಾಲಿಗಳ ಕೆಳಗೆ ಏಡಿಗಳು ಸಂಸಾರ ಹೂಡಿದ್ದವು. ಆದರೂ ಅದರ ಹಿತ್ತಾಳೆಯ ಭಾಗಗಳು ಮಾತ್ರ ದೇವರ ದೀಪದಂತೆ ಹೊಳೆಯುತ್ತಿದ್ದವು. ಚಾಲಕ ಮಂಜಪ್ಪ ನಾಯ್ಕರು ಹೆಬಳೆಯಿಂದ ದಿನಾ ಬಸ್ಸಿನಲ್ಲಿ ಬಂದು, ಲಾಂಚಿನಲ್ಲಿ ಹೊಳೆ ದಾಟಿ, ಮುರುಗಲ ಹುಳಿಯ ಸಿಪ್ಪೆಯಿಂದ ಅವನ್ನು ತಿಕ್ಕಿ ಹೋಗುತ್ತಿದ್ದರು. ನಡೆಯದ ಯಂತ್ರಕ್ಕೆ ಇಷ್ಟು ಸೇವೆ ಮಾಡುವ ಇನ್ನೊಬ್ಬ ಸರಕಾರಿ ನೌಕರನನ್ನು ನಾನು ಕಂಡಿಲ್ಲ.

ಆ ಸೋಮವಾರ ಮಂಜಪ್ಪನವರು ತಿಕ್ಕುತ್ತಿರಲಿಲ್ಲ. ಗಾಲಿಗೆ ಒರಗಿ ಕೂತಿದ್ದರು.

"ಶನಿವಾರ ಕಾರವಾರದಿಂದ ದೊಡ್ಡ ಇಂಜಿನಿಯರ್ ಸಾಹೇಬ್ರು ಬರ್ತ್ರು ಹೆಗಡೇರೆ," ಎಂದರು. "ಇದು ತನ್ನ ಕಾಲ ಮೇಲೆ ಬಂದರಿಂದ ನಾಕು ರಸ್ತೆ ಕೂಡುವಲ್ಲಿವರೆಗೆ ನಡೀಬೇಕಂತೆ. ನಡೀಲಿಲ್ಲಾಂದ್ರೆ ಗುಜರಿಗೆ. ಓವರ್‌ಸಿಯರ್ರು ಹೇಳಿದ್ರು."

"ನಿಮ್ಮನ್ನು ಬೇರೆ ಕಡೆ ಹಾಕುತ್ತಾರಲ್ಲ?"

"ಎಲ್ಲಿಗೆ ಹಾಕೂದು? ನನ್ನ ಹುದ್ದೆ ಇದ್ರ ಹೆಸರಲ್ಲೇ ಅದೆ. ಇದು ಹೋದ್ರೆ ನಾನೂ ಹೋದೆ. ಡೀಸೆಲ್ ಬಿಡೂಕೆ ಬೇರೆ ಪರೀಕ್ಷೆ ಅದೆಯಂತೆ. ನನ್ನ ಕಣ್ಣಿಗೆ ಈಗ ಅಕ್ಷರ ಎಲ್ಲಿ ಕಾಣ್ತದೆ?"

ಇಪ್ಪತ್ತೆರಡು ವರ್ಷ ರೋಲರು ಬಿಟ್ಟ ಮನುಷ್ಯ. ಭಟ್ಕಳದಿಂದ ಕುಮಟಾದ ತನಕ ಯಾವ ತಿರುವಿನಲ್ಲಿ ಜಲ್ಲಿ ಕೂರುತ್ತದೆ, ಯಾವುದರಲ್ಲಿ ಏಳುತ್ತದೆ ಎಂಬುದು ಅವರಿಗೆ ಕಾಲಿನಲ್ಲೇ ತಿಳಿಯುತ್ತಿತ್ತು. ನನಗೆ ಸಂಕಟವಾಯಿತು. ಸಂಕಟವಾದಾಗ ನಾನು ಸಾಮಾನ್ಯವಾಗಿ ಸಂಪಾದಕರಿಗೆ ಪತ್ರ ಬರೆಯುತ್ತೇನೆ. ಅಂದು ಅಷ್ಟಕ್ಕೇ ನಿಲ್ಲಲಿಲ್ಲ.

"ಹೆದರಬೇಡಿ. ನಾನಿದ್ದೇನೆ," ಎಂದೆ.

ಮಂಜಪ್ಪನವರ ಮುಖದಲ್ಲಿ ಹೆದರಿಕೆ ಮೊದಲು ಕಾಣಿಸಿಕೊಂಡದ್ದು ಆಗಲೇ.

ಮನೆಯಲ್ಲಿ ವಿಷಯ ತಿಳಿಸಿದೆ. ನನ್ನ ಹೆಂಡತಿ ಸಾವಿತ್ರಿ ಸಂತೆಗುಳಿಯವಳು. ಮಾತು ಕಡಿಮೆ; ಆಡಿದ್ದು ತಪ್ಪಿದ್ದಿಲ್ಲ.

"ಸೈಕಲ್ಲಿಗೆ ಗಾಳಿ ಹಾಕಲೆ ಬತ್ತಿಲ್ಲೆ, ರೋಲರ್ ರಿಪೇರಿ ಮಾಡ್ತ್ರಡ!" ಎಂದಳು, ಎದುರಿಗೆ ಯಾರೋ ಮೂರನೆಯವರು ಕೂತಿರುವ ಹಾಗೆ.

"ತತ್ತ್ವ ಒಂದೇ. ಅದರಲ್ಲಿ ಗಾಳಿ, ಇದರಲ್ಲಿ ಉಗಿ."

"ಪಾಪ, ಆ ಮಂಜಪ್ಪಂಗೆ ಬೇರೆ ಯಾರೂ ಇಲ್ಲೆ ಅಲ್ದಾ," ಎಂದು ಒಳಗೆ ಹೋದಳು.

ಮಂಗಳವಾರ ಬಳ್ಳಿ ಬಿಡಿಸಿ, ಅರೆತೆರೆದಿದ್ದ ಒಲೆಯ ಬಾಗಿಲನ್ನು ಪೂರ್ತಿ ತೆಗೆದೆವು. ಒಳಗಿಂದ ಎರಡು ಕಣ್ಣು ನಮ್ಮನ್ನು ದುರುಗುಟ್ಟಿ ನೋಡಿದವು. ಕೋಳಿ! ಕಾವಿಗೆ ಕೂತ ಕೋಳಿ! ಕೈ ಹಾಕಿದೆ. ಅದು ನನ್ನ ಬರೆಯುವ ಬೆರಳನ್ನೇ ಆರಿಸಿ ಕುಟುಕಿತು. ಅಷ್ಟರಲ್ಲಿ ಅದರ ಯಜಮಾನಿ, ಮೀನು ಮಾರುವ ನಾಗಮ್ಮ, ಬುಟ್ಟಿ ಇಳಿಸಿ ಓಡಿ ಬಂದಳು.

"ಎಂತ ಮಾಡ್ತ್ರಿ ಒಡ್ಯಾ? ಇನ್ನು ನಾಕು ದಿನದಲ್ಲಿ ಮರಿ ಆಗೂದದೆ! ಬಾಣಂತಿ ಮನೆಗೆ ಕೈ ಹಾಕೂದಾ?"

"ಸರಕಾರಿ ಯಂತ್ರದಲ್ಲಿ ಕೋಳಿ ಇಡುವಂತಿಲ್ಲ ನಾಗಮ್ಮ."

"ಎರಡು ವರ್ಷ ಸರಕಾರ ಎಲ್ಲಿ ಹೋಗಿತ್ತು?"

ಈ ಪ್ರಶ್ನೆಯನ್ನು ಪತ್ರಿಕೆಗೆಂದು ಬರೆದುಕೊಂಡೆ. ಕೊನೆಗೆ ಓವರ್‌ಸಿಯರರ ಕಚೇರಿಯಲ್ಲಿ ಹಳೆಯ ಅರ್ಜಿಗಳ ಪೆಟ್ಟಿಗೆಯೊಂದನ್ನು ಖಾಲಿ ಮಾಡಿಸಿ, ಕೋಳಿಯನ್ನು ಮೊಟ್ಟೆಗಳ ಸಮೇತ ವರ್ಗಾಯಿಸಲಾಯಿತು. ಆ ಪೆಟ್ಟಿಗೆಯಿಂದ ಯಾರಿಗಾದರೂ ಫಲ ಸಿಕ್ಕಿದ್ದು ಅದೇ ಮೊದಲು.

ಬುಧವಾರ ತುಕ್ಕಿನ ಸರದಿ. ಮಂಜಪ್ಪನವರು ಸೀಮೆಎಣ್ಣೆ ಹಾಕಿ ಒಂದೊಂದೇ ಬೋಲ್ಟನ್ನು ಬಿಚ್ಚಿ, ಒರೆಸಿ, ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಕೆಲವನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡುತ್ತಿದ್ದರು. ಆ ವೇಗದಲ್ಲಿ ಶನಿವಾರದೊಳಗೆ ಮುಗಿಯುವುದು ಹೇಗೆ? ದೋಣಿಗಳ ಮರಕ್ಕೆ ಮೀನೆಣ್ಣೆ ಬಳಿಯುವುದನ್ನು ನಾನು ಕಂಡಿದ್ದೆ. ಮರವನ್ನು ಉಪ್ಪಿನಿಂದ ಕಾಯುವ ಎಣ್ಣೆ ಕಬ್ಬಿಣವನ್ನು ಕಾಯದೆ? ಮಂಜಪ್ಪನವರು ಊಟಕ್ಕೆ ಹೋದಾಗ ಎರಡು ಡಬ್ಬಿ ಮೀನೆಣ್ಣೆ ತರಿಸಿ, ಗಾಲಿಯಿಂದ ಚಿಮಣಿಯ ತುದಿಯ ತನಕ, ನನ್ನ ಮೊಣಕೈಯನ್ನೂ ಸೇರಿಸಿ, ಧಾರಾಳವಾಗಿ ಬಳಿದೆ.

ಮಂಜಪ್ಪನವರು ತಿರುಗಿ ಬರುವಾಗ ರೋಲರು ಕಾಣುತ್ತಿರಲಿಲ್ಲ. ಕಾಗೆಗಳು ಕಾಣುತ್ತಿದ್ದವು! ಮೇಲೆ ಹದ್ದುಗಳು ಸುತ್ತುತ್ತಿದ್ದವು. ಕೆಳಗೆ ಊರಿನ ಬೆಕ್ಕುಗಳೆಲ್ಲ ಮಹಾಸಭೆ ಸೇರಿದ್ದವು.

"ಹೆಗಡೇರೆ," ಎಂದರು ಮಂಜಪ್ಪ ತುಂಬ ನಿಧಾನವಾಗಿ, "ಬೆಂಕಿ ಹಾಕಿದ್ಮೇಲೆ ಇದು ರೋಲರಲ್ಲ, ಬಂಗಡೆ ಹುರಿದ ಕಾವಲಿ ಆತದೆ."

ಇಡೀ ಸಂಜೆ ಇಬ್ಬರೂ ಬೂದಿ ಹಾಕಿ ತಿಕ್ಕಿದೆವು. ಮನೆಗೆ ಬಂದಾಗ ಸಾವಿತ್ರಿ ಬಾಗಿಲನ್ನು ಮೂಗಿನಷ್ಟೇ ತೆರೆದಳು. ನಮ್ಮದು ಈರುಳ್ಳಿಯನ್ನೂ ಅಂಗಳದಲ್ಲೇ ತಡೆಯುವ ಮನೆ.

"ಅಲ್ಲೇ ನಿಲ್ಲಿ. ಹಿತ್ತಿಲಲ್ಲಿ ನೀರಿದ್ದು, ಸೀಗೆಪುಡಿ ಇದ್ದು. ಮೂರು ಸಲ ಮಿಂದ್ರೂ ವಾಸನೆ ಹೋಜಿಲ್ಲೆ ಹೇಳಿ ಆದ್ರೆ, ದನದ ಕೊಟ್ಟಿಗೇಲಿ ಹಾಸಿಗೆ ಇದ್ದು."

ಕೊಟ್ಟಿಗೆಯಲ್ಲಿ ಮಲಗಿದೆ. ಹಸು ಮುಖ ತಿರುಗಿಸಿಕೊಂಡಿತು.

ಗುರುವಾರದಿಂದ ನನಗೆ ಯಂತ್ರವನ್ನು ಮುಟ್ಟುವ ಅಧಿಕಾರವಿರಲಿಲ್ಲ. ದಂಡೆಯ ಮೇಲೆ ಕೂತು ಮಂಜಪ್ಪನವರ ಕೈಚಳಕ ನೋಡಿದೆ. ಉಗಿ ಸೋರುವ ಸಂದುಗಳಿಗೆ ಅವರು ಸೆಣಬಿನ ಎಳೆಗೆ ಕೊಬ್ಬು ಸವರಿ, ಹೊಸೆದು, ಹೆಣ್ಣುಮಗುವಿಗೆ ಜಡೆ ಹೆಣೆಯುವಷ್ಟು ಅಕ್ಕರೆಯಿಂದ ತುಂಬಿದರು. ಶುಕ್ರವಾರ ಸಂಜೆಗೆ ಯಂತ್ರ ಸಿದ್ಧವಾಯಿತು. ನೀರು, ಬೆಂಕಿ ಮಾತ್ರ ಬಾಕಿ.

"ಬೆಳಿಗ್ಗೆ ಎಂಟರ ಬಸ್ಸಿಗೆ ಬರ್ತೆ," ಎಂದರು. "ಬಂದು ಬಾವಿ ನೀರು ತುಂಬಿ ಬೆಂಕಿ ಹಾಕ್ತೆ. ನೀವು ಆರಾಮ ಮಾಡಿ."

'ಆರಾಮ ಮಾಡಿ' ಎಂಬುದು ವಿನಂತಿಯಾಗಿತ್ತೆಂದು ಈಗ ಅರ್ಥವಾಗುತ್ತದೆ.

ಬಾವಿ ದೂರ, ಹೊಳೆ ಹತ್ತು ಹೆಜ್ಜೆ. ಮೀನೆಣ್ಣೆಯ ಕಳಂಕವನ್ನು ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶವುಂಟೆ? ಆದರೆ ನಾನು ಆತುರಗಾರನಲ್ಲ. ಹೊಳೆಯ ನೀರು ಉಪ್ಪೋ ಸಿಹಿಯೋ ಎಂಬುದನ್ನು ಪರಿಶೀಲಿಸಿದ್ದೆ. ಗುರುವಾರ ಮಧ್ಯಾಹ್ನ ಬೊಗಸೆಯಲ್ಲಿ ತೆಗೆದು ಕುಡಿದು ನೋಡಿದ್ದೆ. ಮಳೆ ಮುಗಿದ ಹೊಸತು, ಘಟ್ಟದ ನೀರು ತುಂಬಿ ಹರಿಯುತ್ತಿತ್ತು. ಸಿಹಿ!

ಶನಿವಾರ ಆರು ಗಂಟೆಗೆ ಹೆಗಲಿಗೆ ಅಡ್ಡಕೋಲು ಹಾಕಿ, ಎರಡು ತುದಿಗೆ ಎರಡು ಡಬ್ಬಿ ಕಟ್ಟಿ ಆರಂಭಿಸಿದೆ. ಹೊಳೆ ಅಂದು ಇನ್ನೂ ಹತ್ತಿರ ಬಂದಿತ್ತು. ಹತ್ತು ಹೆಜ್ಜೆ ಇದ್ದದ್ದು ನಾಲ್ಕಾಗಿತ್ತು. ಪ್ರಕೃತಿಯೂ ಸಹಕರಿಸುತ್ತಿದೆ ಎಂದುಕೊಂಡೆ. ನಾಗಮ್ಮ ಬುಟ್ಟಿ ಹೊತ್ತು ಹೋಗುತ್ತ ನಿಂತಳು.

"ಹೊಳೆ ನೀರು ಹಾಕ್ತ್ರಾ ಒಡ್ಯಾ? ಈಗ?"

"ಸಿಹಿ ನೀರು ನಾಗಮ್ಮ. ನಾನೇ ಕುಡಿದು ನೋಡಿದ್ದೇನೆ."

ಅವಳು ಹೊಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದಾ? ನೀವು ಓದಿದವ್ರು," ಎಂದು ಹೋದಳು.

ಹದಿನಾರು ಸಲ ಹೊತ್ತೆ. ಮಂಜಪ್ಪನವರ ಬಸ್ಸು ತಡವಾಗಿ ಬಂತು. ಅವರು ಓಡೋಡಿ ಬಂದು, ತುಂಬಿದ ಬಾಯ್ಲರನ್ನು ನೋಡಿ ಕಣ್ಣು ತುಂಬಿಕೊಂಡರು.

"ಇಷ್ಟು ನೀರು ಒಬ್ರೇ ಹೊತ್ರಾ! ಅಷ್ಟು ದೂರದಿಂದ!"

ನಾಲ್ಕೇ ಹೆಜ್ಜೆ ಎಂದು ಹೇಳಿ ಹೊಗಳಿಕೆಯನ್ನು ಕುಗ್ಗಿಸುವುದು ಸರಿಯೆನಿಸಲಿಲ್ಲ. ಅವರು ಕೂಡಲೇ ಒಲೆಗೆ ಬೆಂಕಿ ಹಾಕಿದರು.

ಹತ್ತು ಗಂಟೆಗೆ ಸಾಹೇಬರು ಬಂದರು. ಬಿಳಿ ಪ್ಯಾಂಟು, ಬಿಳಿ ಟೋಪಿ. ಅವರ ಪಕ್ಕದಲ್ಲಿ ಫೈಲು ಹಿಡಿದ ಓವರ್‌ಸಿಯರರು. ಹಿಂದೆ ಗುಜರಿ ವ್ಯಾಪಾರಿ, ಕಣ್ಣಿನಲ್ಲೇ ರೋಲರನ್ನು ತುಂಡು ಮಾಡುತ್ತ ನಿಂತಿದ್ದ. ಊರೇ ಸೇರಿತ್ತು. ಮಂಜಪ್ಪನವರು ಯಂತ್ರಕ್ಕೆ ಕೈಮುಗಿದು ಸಿಳ್ಳೆ ಎಳೆದರು. ಎರಡು ವರ್ಷದ ಮೌನ ಒಡೆದು ಸಿಳ್ಳೆ ಹೊಳೆಯ ಆಚೆ ದಂಡೆಯ ತನಕ ಕೇಳಿತು. ಗಾಲಿ ಅಲುಗಿತು. ರೋಲರು ಹೊರಟಿತು! ಜನ ಕೂಗಿದರು. ನಾನು ಸಾಹೇಬರಿಗೆ ಉಗಿಯ ತತ್ತ್ವ ವಿವರಿಸತೊಡಗಿದೆ.

ಆಗ ಹತ್ತೂವರೆ.

ಮೊದಲು ಯಂತ್ರ ಬಿಕ್ಕಿತು. ಆಮೇಲೆ ಕೆಮ್ಮಿತು. ಆಮೇಲೆ ಚಿಮಣಿಯಿಂದ, ಹೊಗೆ ಬರಬೇಕಾದ ಜಾಗದಿಂದ, ಬಿಳಿ ನೊರೆ ತಿಮಿಂಗಿಲದ ಕಾರಂಜಿಯಂತೆ ಮೇಲೆದ್ದು, ಮಸಿಯೊಂದಿಗೆ ಬೆರೆತು, ಸಾಹೇಬರ ಪ್ಯಾಂಟು, ಓವರ್‌ಸಿಯರರ ಫೈಲು, ನನ್ನ ವಿವರಣೆ ಮೂರರ ಮೇಲೂ ಸಮನಾಗಿ ಇಳಿಯಿತು! ರೋಲರು ನಿಂತಿತು. ಗುಜರಿ ವ್ಯಾಪಾರಿ ನಕ್ಕ.

ಮಂಜಪ್ಪನವರು ಕೈಗೆ ಬಿದ್ದ ನೊರೆಯನ್ನು ನಾಲಿಗೆಗೆ ತಾಗಿಸಿದರು.

"ಹೆಗಡೇರೆ, ಇದು ಯಾವ ಬಾವಿ ನೀರು?"

"ಹೊಳೆಯದು. ಸಿಹಿ ಇತ್ತು. ಪರೀಕ್ಷಿಸಿದ್ದೆ."

"ಯಾವಾಗ?"

"ಗುರುವಾರ ಮಧ್ಯಾಹ್ನ."

"ಗುರುವಾರ ಮಧ್ಯಾಹ್ನ ಇಳಿತ! ಇವತ್ತು ಬೆಳಿಗ್ಗೆ ಭರತಿ! ಸಮುದ್ರ ಹೊಳೆ ಒಳಗೆ ಬಂದಿತ್ತು! ಉಪ್ಪುನೀರು ಬಾಯ್ಲರಲ್ಲಿ ಕುದ್ರೆ ನೊರೆ ಆಗೂದೇ! ನೀವು ಇದಕ್ಕೆ ಅರಬ್ಬಿ ಸಮುದ್ರ ಕುಡಿಸಿದ್ರಿ ಮಾರಾಯ್ರೇ!"

ಸುದ್ದಿ ಸತ್ಯವಾಗಿತ್ತು. ಎರಡು ದಿನ ಹಳೆಯದಾಗಿತ್ತು, ಅಷ್ಟೆ. ಈ ದಂಡೆಯಲ್ಲಿ ದಿನಕ್ಕೆ ಎರಡು ಸಲ ಸತ್ಯ ಬದಲಾಗುತ್ತದೆ ಎಂಬುದು ಪಾತ್ರೆ ತೊಳೆಯುವವರಿಗೂ ಗೊತ್ತು. ಪತ್ರಿಕೆಗೆ ಬರೆಯುವವನಿಗೆ ಗೊತ್ತಿರಲಿಲ್ಲ.

ಮಂಜಪ್ಪನವರು ಬೈಯಲಿಲ್ಲ. ಹಾಗೇ ಗಾಲಿಯ ಮೇಲೆ ಕೈಯಿಟ್ಟು ನಿಂತರು. ಬೈದಿದ್ದರೆ ಒಳ್ಳೆಯದಿತ್ತು. ನಾನು ಮಸಿ ಬಳಿದ ಮುಖದಲ್ಲೇ ಸಾಹೇಬರ ಮುಂದೆ ಹೋಗಿ ನಿಂತೆ.

"ತಪ್ಪು ಯಂತ್ರದ್ದಲ್ಲ, ಚಾಲಕರದ್ದೂ ಅಲ್ಲ. ನನ್ನದು. ದಯವಿಟ್ಟು ಹಾಗೆಂದು ದಾಖಲಿಸಿಕೊಳ್ಳಿ. ಸಂಜೆಯ ತನಕ ಸಮಯ ಕೊಡಿ."

ಸಾಹೇಬರು ತಮ್ಮ ಪ್ಯಾಂಟನ್ನು ನೋಡಿಕೊಂಡರು. "ಇದು ಒಣಗುವ ತನಕ ನಾನೂ ಎಲ್ಲಿಗೂ ಹೋಗುವ ಹಾಗಿಲ್ಲ. ನಾಲ್ಕು ಗಂಟೆ," ಎಂದು ಬಂಗಲೆಗೆ ಹೋದರು.

ಬೆಂಕಿ ತೆಗೆದು, ಬಾಯ್ಲರು ತಣಿದು, ಉಪ್ಪುನೀರು ಪೂರ್ತಿ ಹೊರಗೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಅಷ್ಟರೊಳಗೆ ಸುದ್ದಿ ಮನೆ ಮುಟ್ಟಿತ್ತು. ಸಾವಿತ್ರಿ ಸೊಂಟದಲ್ಲಿ ತಾಮ್ರದ ಕೊಡ ಇಟ್ಟುಕೊಂಡು ಬಂದಳು. ನನ್ನನ್ನು ನೋಡಲಿಲ್ಲ. ನೇರವಾಗಿ ನಾಗಮ್ಮನ ಹತ್ತಿರ ಹೋಗಿ ಏನೋ ಹೇಳಿದಳು. ಹತ್ತು ನಿಮಿಷದಲ್ಲಿ ಬಾವಿಯಿಂದ ರೋಲರಿನ ತನಕ ಮೀನುಪೇಟೆಯ ಹೆಂಗಸರೆಲ್ಲ ಸಾಲು ನಿಂತರು. ಕೊಡಗಳು ಕೈಯಿಂದ ಕೈಗೆ ಬಂದವು. ನಾನೂ ಸಾಲಿನಲ್ಲಿ ಸೇರಲು ಹೋದೆ.

"ನಿಂಗ ಬೇಡ," ಎಂದಳು ಸಾವಿತ್ರಿ, ಸಾಲಿನ ಕೊನೆಯಲ್ಲಿ ಬಾಯ್ಲರಿನ ಪಕ್ಕ ನಿಂತು. "ಆನು ರುಚಿ ನೋಡದ್ದೆ ಒಂದು ಹನಿಯೂ ಒಳಗೆ ಹೋಪಲಾಗ!"

"ಅಮ್ಮ, ಅವ್ರಿಗೆ ರೋಲರಿನ ಕೆಂಪು ಬಾವುಟ ಕೊಡಿ," ಎಂದಳು ನಾಗಮ್ಮ. "ರೋಲರ್ ಮುಂದೆ ಒಬ್ರು ಹಿಡ್ಕೊಂಡು ನಡೀಬೇಕು. ಅದ್ರಲ್ಲಿ ಹಾಳು ಮಾಡೂಕೆ ಎಂತದೂ ಇಲ್ಲ."

ನಾಲ್ಕಕ್ಕೆ ಮತ್ತೆ ಸಿಳ್ಳೆ. ಈ ಸಲ ಹೊಗೆ ಹೊಗೆಯಾಗಿಯೇ ಬಂತು. ದೊಡ್ಡ ಗಾಲಿಗಳು ನೆಲವನ್ನು ಅದುಮುತ್ತ, ಮಂಜಪ್ಪನವರ ಒಂದೊಂದು ಹಿತ್ತಾಳೆಯ ತುಂಡೂ ಬಿಸಿಲಿಗೆ ಮಿಂಚುತ್ತ, ಬಾವುಟ ಹಿಡಿದ ನನ್ನ ಹಿಂದೆ ರೋಲರು ಬಂದರನ್ನು ಬಿಟ್ಟಿತು. ಅಂಗಡಿ ಸಾಲು ದಾಟಿತು. ಏರಿನಲ್ಲಿ ಒಮ್ಮೆ ನಿಧಾನವಾಯಿತು; ಹೆಂಗಸರು ದೋಣಿ ಎಳೆಯುವಾಗಿನಂತೆ 'ಐಸಾ' ಎಂದು ಕೂಗಿದರು; ಏರಿತು! ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಿಸಿ ಎಂದು ಓವರ್‌ಸಿಯರರು ಕೈ ಮಾಡಿದರು. ಮಂಜಪ್ಪನವರು ಕಾಣದವರಂತೆ ಮುಂದೆ ಹೋಗಿ, ಅಲ್ಲಿ ಆರು ತಿಂಗಳಿಂದ ಸುರಿದಿಟ್ಟ ಜಲ್ಲಿಯನ್ನು ಒಮ್ಮೆ ಹೋಗಿ, ಒಮ್ಮೆ ಬಂದು, ಹಪ್ಪಳದ ಹಾಗೆ ಸಪಾಟು ಮಾಡಿದರು. ಸಾಹೇಬರೇ ಚಪ್ಪಾಳೆ ತಟ್ಟಿದರು. ಗುಜರಿ ವ್ಯಾಪಾರಿ ಸಂಜೆಯ ಲಾಂಚು ಹಿಡಿದ.

ಮಂಜಪ್ಪನವರು ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ಆತು ಹೆಗಡೇರೆ. ಪಿಂಚಣಿವರೆಗಿನ ಎಂಟು ವರ್ಷ ನೌಕರಿ ಉಳೀತು." ಇಬ್ಬರ ಕೈಯಲ್ಲೂ ಇನ್ನೂ ಸ್ವಲ್ಪ ಮೀನೆಣ್ಣೆಯ ವಾಸನೆಯಿತ್ತು.

ಸಾಹೇಬರು ಅಲ್ಲೇ ಕೂತು, ಗೋಣಿ ಬಣ್ಣಕ್ಕೆ ತಿರುಗಿದ ಪ್ಯಾಂಟಿನ ತೊಡೆಯ ಮೇಲೆ ಪುಸ್ತಕವಿಟ್ಟು ಮೂರು ವಾಕ್ಯ ಬರೆದರು. ಬಾತ್ಮೀದಾರನಾದ ನಾನು ಅವನ್ನು ಯಥಾವತ್ತಾಗಿ ನಕಲು ಮಾಡಿಕೊಂಡೆ. 'ಯಂತ್ರ ಸುಸ್ಥಿತಿಯಲ್ಲಿದೆ. ಚಾಲಕರನ್ನು ಮುಂದುವರಿಸುವುದು. ಸ್ಥಳೀಯ ಪತ್ರಕರ್ತರು ಯಂತ್ರದಿಂದ ಐವತ್ತು ಅಡಿ ದೂರದಲ್ಲಿ ನಿಲ್ಲತಕ್ಕದ್ದು.'

ಅದೇ ಸಂಜೆ ವರದಿ ಟಪಾಲಿಗೆ ಹಾಕಿದೆ. ಮೊದಲ ಎರಡು ವಾಕ್ಯ ಅಕ್ಷರಶಃ ಅಚ್ಚಾದವು. ಮೂರನೆಯದನ್ನು ನಾನು ಕಳಿಸಲಿಲ್ಲ. ಸ್ಥಳಾಭಾವ!