ಧಬಧಬಿಯ ಬಾಜೂ ಮನೆ

ಇನ್ನು ಮೇಲೆ ಸಾಕ್ಷಾತ್ ದಿಲ್ಲಿಯ ಸರಕಾರವೇ ಬಂದು ಬಾಗಿಲು ಬಡಿದರೂ ಧಬಧಬಿ ತೋರಿಸಲು ಹೋಗುವುದಿಲ್ಲ ಎಂದು ಸೋಮಪ್ಪ ಪ್ರತಿಜ್ಞೆ ಮಾಡಿದ. ಸಣ್ಣ ಪ್ರತಿಜ್ಞೆಯಲ್ಲ, ತಲೆಯ ಪಟಗಾ ತೆಗೆದು ನೆಲಕ್ಕೆ ಕುಕ್ಕಿ ಮಾಡಿದ್ದು!

ಗೋಕಾಕದ ಜಲಪಾತಕ್ಕೆ ಸುತ್ತಲಿನ ಹಳ್ಳಿಯವರು ಧಬಧಬಿ ಎನ್ನುತ್ತಾರೆ. ಅದರ ಪಕ್ಕದ ನೂಲಿನ ಗಿರಣಿಯಲ್ಲಿ ಸೋಮಪ್ಪನ ಕೆಲಸ, ಗುಡ್ಡದ ಮೇಲಿನ ಓಣಿಯಲ್ಲಿ ಮನೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷದ ಮಾತು ಇದು. ಸರಕಾರ ಬದಲಾದರೂ ಸೋಮಪ್ಪನ ಹಣೆಬರಹ ಬದಲಾಗಲಿಲ್ಲ. ಹೊಳೆ ತುಂಬಿತೆಂದರೆ ಸಾಕು, ಕುಲಗೋಡ, ಕಲ್ಲೋಳಿಗಳಲ್ಲಿ ಅವನಿಗೆ ಹೊಸ ಹೊಸ ಸಂಬಂಧಿಕರು ಹುಟ್ಟುತ್ತಿದ್ದರು. ಅತ್ತೆಯ ತಂಗಿಯ ಮೈದುನನ ನೆರೆಯವರು ಕೂಡ 'ನಮ್ಮ ಸೋಮಣ್ಣ' ಎನ್ನುತ್ತ ರವಿವಾರ ಹಾಜರು! ಅವರನ್ನೆಲ್ಲ ಇವನ ಕೊರಳಿಗೆ ಕಟ್ಟಿ ಕಳಿಸುವವನು ಹೆಂಡತಿಯ ಅಣ್ಣ, ಮೂಡಲಗಿಯ ಭೀಮರಾಯ. ರಾತ್ರಿ ಪಾಳಿ ಮುಗಿಸಿ ಬಂದವನು ತೂಗುಸೇತುವೆಯ ಮೇಲೆ ಮಂದಿಯ ಕೈ ಹಿಡಿದು ನಡೆಸಬೇಕು, ಅಂಜಿದವರಿಗೆ ಧೈರ್ಯ ಹೇಳಬೇಕು, ಕೊನೆಗೆ ಉಣ್ಣಲಿಕ್ಕೂ ಹಾಕಬೇಕು. ಧಬಧಬಿ ಬೀಳುವುದು ಹೊಳೆಯಲ್ಲಲ್ಲ, ತನ್ನ ನೆತ್ತಿಯ ಮೇಲೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಆ ಮುಂಜಾನೆಯೂ ಪಾಳಿ ಮುಗಿಸಿ, ಮೀಸೆಗೆ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದು ಕಂಬಳಿಯ ಮೇಲೆ ಉರುಳಿದ. ಹೆಂಡತಿ ಅಕ್ಕವ್ವ ಮಗಳು ಯಲ್ಲವ್ವನನ್ನು ಕರೆದುಕೊಂಡು ಪೇಟೆಗೆ ಹೊರಟು ನಿಂತಿದ್ದಳು.

"ಏನ್ರಿ, ಕೇಳಾಕತ್ತೀರೇನು? ನಮ್ಮ ಅಣ್ಣ ಹೇಳಿದ ಮಂದಿ ಇವತ್ತ ಯಲ್ಲವ್ವನ್ನ ನೋಡಾಕ ಬರತಾರ. ಬಳಿ ಇಡಿಸಿಕೊಂಡು, ಹೂವಾ ಹಣ್ಣಾ ತಗೊಂಡು ಬಂದಬಿಡತೇವಿ. ಮೊದಲ ಬಂದ್ರ ಮರ್ಯಾದಿಲೆ ಕುಂದರಸ್ರಿ. ಇಂಥಾ ಮನಿತನಾ ಕೈಬಿಟ್ರ ಮತ್ತ ಸಿಗಂಗಿಲ್ಲ!"

"ಅವರ ಬರೋದು ಸೋಮವಾರ," ಎಂದ ಸೋಮಪ್ಪ ಕಣ್ಣು ತೆರೆಯದೆ.

"ಇವತ್ತೇನ ಮತ್ತ?"

"ರವಿವಾರ."

"ನಿದ್ದಿಗೆಟ್ಟು ನಿಮ್ಮ ತಲಿ ಕೆಟ್ಟೈತಿ. ಇವತ್ತ ಸೋಮವಾರರಿ!"

ಆ ಮಾತು ಹೋಗಿ ಮುಟ್ಟಿದ್ದು ಗೊರಕೆಯನ್ನು. ಪಾಳಿಯವರ ಪಂಚಾಂಗವೇ ಬೇರೆ. ರವಿವಾರ ಗಿರಣಿ ಹೊಕ್ಕವನಿಗೆ ಮಲಗಿ ಎದ್ದ ಮೇಲೆಯೇ ಸೋಮವಾರ ಹುಟ್ಟುವುದು. ನಿದ್ದೆಯಾಗದೆ ವಾರ ಬದಲಾಗುವುದಿಲ್ಲ!

ಅರೆನಿದ್ದೆಯೂ ಆಗಿರಲಿಲ್ಲ, ಬಾಗಿಲಲ್ಲಿ ದನಿ ಕೇಳಿಸಿತು. "ಶರಣ್ರಿ! ಸೋಮಪ್ಪನವರ ಮನಿ ಇದ ಏನ್ರಿ? ನಾವು ಹುಕ್ಕೇರಿ ಕಡೆಯವರು. ಮೂಡಲಗಿ ಭೀಮರಾಯ ಕಳಿಸ್ಯಾರ."

ನಿಂತಿದ್ದವನು ಶಿದ್ರಾಮ ಎಂಬ ಎತ್ತರದ, ನಡುವಯಸ್ಸಿನ ಆಳು. ಜೊತೆಗೆ ಅವನ ಮುದಿ ತಾಯಿ ಶೆಟ್ಟೆವ್ವ. ಭೀಮರಾಯನ ಹೆಸರು ಕೇಳಿದ್ದೇ ಸೋಮಪ್ಪನ ಮೈಯೆಲ್ಲ ಉರಿಯಿತು. ಆದರೂ ನೀರು ಕೊಟ್ಟ, ಬೆಲ್ಲ ಕೊಟ್ಟ. ಬಂದವರು ಉಣ್ಣುವ ಮೊದಲು ಬಂದ ಕೆಲಸ ಕೇಳುವ ಪದ್ಧತಿ ಆ ಕಡೆ ಇಲ್ಲ. ಮನೆಯ ಹೆಣ್ಣುಮಗಳು ಇಲ್ಲದಾಗ ಕನ್ಯೆಯ ಮಾತು ಎತ್ತುವ ಪದ್ಧತಿ ಬಂದವರಲ್ಲೂ ಇಲ್ಲ. ಹೀಗೆ ಎರಡೂ ಕಡೆಯ ಮರ್ಯಾದೆ ತುಟಿ ಹೊಲಿದುಕೊಂಡು ಕುಳಿತಿತು.

"ಮನ್ಯಾಗ ಯಾರೂ ಕಾಣವಲ್ರಲ್ಲ?" ಎಂದಳು ಶೆಟ್ಟೆವ್ವ.

"ಪ್ಯಾಟಿಗೆ ಹೋಗ್ಯಾರ." ಸೋಮಪ್ಪನ ತಲೆಯಲ್ಲಿ ಒಂದು ಹಂಚಿಕೆ ಹೊಳೆಯಿತು. ತೋರಿಸದಿದ್ದರೆ ತಾನೇ ಮತ್ತೆ ಬರುವುದು? ಕಾಲು ಮುರಿಯುವಷ್ಟು ತೋರಿಸಿಬಿಟ್ಟರೆ? ಈ ಮುದುಕಿ ನರಳುತ್ತ ಹೋಗಿ ಹೇಳಿದ ಮೇಲೆ ಭೀಮರಾಯ ಜನ್ಮದಲ್ಲಿ ಮತ್ತೊಬ್ಬರನ್ನು ಕಳಿಸಲಾರ! "ಬರ್ರಿ, ಅಷ್ಟರಾಗ ಧಬಧಬಿ ನೋಡಿ ಬರೂಣು!" ಎಂದು ಪ್ರತಿಜ್ಞೆಯನ್ನು ದಾಟಿ ಅಂಗಳಕ್ಕೆ ಇಳಿದ.

ಮೊದಲು ಕೆಳಗಿನ ಗುಡಿಗೆ ಇಳಿಸಿದ, ಮತ್ತೆ ಏರಿಸಿದ. ಬಂಡೆಯಿಂದ ಬಂಡೆಗೆ ಕರೆದೊಯ್ದು ನೀರು ಧುಮುಕುವುದನ್ನು ನಾಲ್ಕೂ ದಿಕ್ಕಿನಿಂದ ತೋರಿಸಿದ. ಶೆಟ್ಟೆವ್ವ ಸೀರೆಯನ್ನು ಕಚ್ಚೆ ಹಾಕಿ, ಮೇಕೆಯಂತೆ ಮುಂದೆ ಹಾರಿ ನಿಂತು ಕೇಳಿದಳು: "ಮುಂದೇನೈತ್ರಿ?"

ಸೋಮಪ್ಪ ತೂಗುಸೇತುವೆಗೆ ಹತ್ತಿಸಿದ. ಕೆಳಗೆ ಘಟಪ್ರಭೆ ಗರ್ಜಿಸುತ್ತಿತ್ತು. ಸೇತುವೆ ಅತ್ತಿತ್ತ ತೂಗಿತು. ತೊಟ್ಟಿಲಲ್ಲಿ ಹಾಕಿದಂತಾಗಿ ಸೋಮಪ್ಪನ ಕಣ್ಣು ಗಪ್ಪನೆ ಮುಚ್ಚಿದವು. ಮುದುಕಿ ಅವನ ರಟ್ಟೆ ಹಿಡಿದು ದಾಟಿಸಿದಳು.

"ಅಂಜಬ್ಯಾಡ್ರಿ, ನಾ ಅದೇನಿ," ಎಂದಳು.

ಛೇ! ಈ ಅವಮಾನಕ್ಕೆ ಒಂದೇ ಮದ್ದು. ಯೋಗಿಕೊಳ್ಳ! ಮೈಲುಗಟ್ಟಲೆ ಕಲ್ಲುದಾರಿ, ಮುಂದೆ ದೇವರ ಗುಡಿಯವರೆಗೆ ಕಣಿವೆಯ ಏರು.

"ನಿಮಗ ಆಗತೈತೇನವ್ವಾ?" ಎಂದು ಕೆಣಕಿದ.

"ಅಯ್ಯ, ನಮ್ಮೂರ ಇರೋದ ಗುಡ್ಡದ ನೆತ್ತಿಮ್ಯಾಲರಿ. ಹುಲ್ಲಿಗೆ ದಿನಾ ಇಳಿದು ಏರತೇನಿ. ಸಪಾಟ ನೆಲದಾಗ ನಡದ್ರನ ನನಗ ಕಾಲ ನೋಯೂದು!"

ಆದರೂ ಸೋಮಪ್ಪ ಹಟ ಬಿಡದೆ ಮುಂದೆ ನಡೆದ. ಯೋಗಿಕೊಳ್ಳದ ಅರ್ಧ ಏರಿನಲ್ಲಿ "ವಿಚಾರ ಮಾಡಾಕ" ಎಂದು ಒಂದು ಕಲ್ಲಿನ ಮೇಲೆ ಕುಳಿತವನು ವಿಚಾರದಲ್ಲಿ ಎಷ್ಟು ಆಳಕ್ಕೆ ಇಳಿದನೆಂದರೆ, ಶಿದ್ರಾಮ ಭುಜ ಅಲುಗಿಸಿದರೂ ಮೇಲೆ ಬರಲಿಲ್ಲ. ತಾಯಿ ಮಗ ಪೂರ್ತಿ ಏರಿ, ದೇವರಿಗೆ ಕೈಮುಗಿದು, ಇಳಿದು ಬಂದರು. ಕೊನೆಗೆ ಮೇವಿನ ಚಕ್ಕಡಿಯೊಂದನ್ನು ನಿಲ್ಲಿಸಿ, ಸಿವುಡುಗಳ ನಡುವೆ ಇನ್ನೊಂದು ಸಿವುಡಿನಂತೆ ಅವನನ್ನು ಒಟ್ಟಿದರು.

ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದ ಅಕ್ಕವ್ವನಿಗೆ ಕಂಡದ್ದು ಈ ಮೆರವಣಿಗೆ.

"ಅಯ್ಯ ಶಿವನ! ಹೆಣ್ಣ ನೋಡಾಕ ಬಂದ ಬೀಗರ ಕೈಲೆ ಹೇರಿಸಿಕೊಂಡ ಬಂದ್ರೇನ ನೀವು!"

'ಬೀಗರು' ಎಂಬುದು ಕಿವಿಗೆ ಬಿದ್ದದ್ದೇ ಸೋಮಪ್ಪ ಮೇವಿನಿಂದ ಎದ್ದು ಕುಳಿತ. ಆ ಕ್ಷಣದಲ್ಲಿ ಅವನಿಗೆ ಸೋಮವಾರ ಹುಟ್ಟಿತು!

ಊಟ ನಡೆಯಿತು. ಸೋಮಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕುಳಿತ. ಕೂಸಿನ ಬಾಳಿಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಒಳಗೇ ಬೆಂದ. ಯಲ್ಲವ್ವ ಬಂದು ಕಾಲುಮುಟ್ಟಿ ನಮಸ್ಕಾರ ಮಾಡಿದಳು. ಶೆಟ್ಟೆವ್ವ ಹುಡುಗಿಯನ್ನು ನೋಡಿದಳು, ಅವಳಪ್ಪನನ್ನು ನೋಡಿದಳು, ಎಲೆಯಡಿಕೆ ಬಾಯಿಗೆ ಹಾಕಿದಳು.

"ಈ ಶಿದ್ರಾಮನ ಮಗಗ, ನನ್ನ ಮೊಮ್ಮಗಗ, ಭಾಳ ಮನಿ ನೋಡೀನಿ," ಎಂದಳು. "ಎಲ್ಲಾರೂ ಜಮಖಾನಿ ಹಾಸಿ ಕುಂದರಿಸಿ ಬಡಾಯಿ ಹೊಡದ್ರು. ರಾತ್ರಿಯೆಲ್ಲಾ ದುಡದು, ಕಣ್ಣ ಮುಚ್ಚಾಕತ್ರೂ ಬಿಡದ ನಮಗ ಗುಡ್ಡಾ ತೋರಿಸಿದ ಮನಶ್ಯಾ ಇವನೊಬ್ಬನ! ಇಂಥಾ ಅಪ್ಪನ ಮಗಳು ಖರೇನ ಬಾಳೇವ ಮಾಡತಾಳ. ಹುಡುಗಿ ನಮ್ಮಕಿ ಆದಳು."

ಅಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಮಪ್ಪನ ಮೀಸೆ, ಹತ್ತಿಯ ಎಳೆಯ ಸಮೇತ, ಮೇಲಕ್ಕೆದ್ದಿತು.

"ಆದ್ರ ಮದವಿ ಇಲ್ಲೇ ಆಗಬೇಕು, ಹೊಳಿ ಬತ್ತೂದ್ರಾಗ," ಎಂದಳು ಶೆಟ್ಟೆವ್ವ. "ನಿಬ್ಬಣದಾಗ ಊರಿಗೆ ಊರ ಬರತೈತಿ. ಒಬ್ಬರೂ ಧಬಧಬಿ ಕಂಡಿಲ್ಲ. ಎಲ್ಲಾರಿಗೂ ಇವರ ತೋರಸಬೇಕು. ಮತ್ಯಾರ ತೋರಿಸಿದ್ರೂ ನಾ ಒಪ್ಪಂಗಿಲ್ಲ!"

"ಹೂಂ ಅನ್ರಿ," ಎಂದು ಅಕ್ಕವ್ವ ತಿವಿದಳು. "ಬಾಯಿಗೇನಾಗೈತಿ?"

ಸೋಮಪ್ಪ ಮೆಲ್ಲಗೆ ಕೇಳಿದ: "ಊರಿಗೆ ಊರ ಅಂದ್ರ... ಎಲ್ಲಾರೂ ಏನ್ರಿ?"

"ದನಾಕರಾ ಬಿಟ್ಟು," ಎಂದಳು ಶೆಟ್ಟೆವ್ವ, ದೊಡ್ಡ ಮನಸ್ಸು ಮಾಡಿ. "ಅವು ಸೇತುವಿಮ್ಯಾಲ ಅಂಜತಾವ."