ಹದಿನಾರನೇ ನಂಬರಿನ ಫಿಲ್ಟರ್

ವಿನಿಪೆಗ್‌ನಲ್ಲಿ ಶಾಲೆಯ ಬಸ್ಸು ಓಡಿಸುವ ಎಮಿಲ್ ಹ್ರಿಷ್ಕೊಗೆ ಶನಿವಾರ ರಜೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿ. ಅವನು ಕಾಫಿ ಹಿಡಿದು ಕೂತನೋ ಇಲ್ಲವೋ, ಹೆಂಡತಿ ಡೊರೀನ್ ಬೂದುಬಣ್ಣದ್ದೇನನ್ನೋ ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು, ಮನೆ ಬೆಚ್ಚಗಿಡುವ ಫರ್ನೇಸ್ ಇದ್ದ ನೆಲಮಾಳಿಗೆಯಿಂದ ಮೇಲೆ ಬಂದಳು.

"ಇದು ನಮ್ಮ ಫರ್ನೇಸ್ ಫಿಲ್ಟರ್. ನಾನು ಯಾರದೋ ಬೆಕ್ಕು ಅಂದ್ಕೊಂಡೆ!"

"ಇನ್ನೊಂದು ತಿಂಗಳು ನಡೆಯುತ್ತೆ ಬಿಡು."

"ಸಂಜೆ ಅಕ್ಕ ಬರ್ತಾಳೆ. ಧೂಳಿದ್ರೆ ಅವಳ ಸೀನಿಗೆ ಕಿಟಕಿ ಗಾಜು ಉಳಿಯಲ್ಲ. ಹೋಗಿ ಹೊಸದು ತಾ."

ಡೊರೀನಳ ಅಕ್ಕ ವರ್ನಾ ಚಳಿಗಾಲ ಕಳೆಯಲು ಬಿಸಿಲಿನ ಅರಿಜೋನಾಕ್ಕೆ ಹೊರಟಿದ್ದಳು. ದಾರಿಯಲ್ಲಿ ಎರಡು ರಾತ್ರಿ ಇಲ್ಲಿ. ಎಮಿಲ್ ಕೂತರೆ ಬೆನ್ನು ಬಗ್ಗಿತು, ನಿಂತರೆ ಹೊಟ್ಟೆ ಬಂತು ಎನ್ನುವ ನಾಲಿಗೆ ಅವಳದು. ಎರಡೇ ರಾತ್ರಿಯಲ್ಲವೇ ಎಂದುಕೊಂಡು ಅವನು ಅಂಗಡಿಗೆ ನಡೆದ.

"ಎಷ್ಟು ಮರ್ವ್ ಬೇಕು ಸಾರ್?" ಎಂದಳು ಅಂಗಡಿಯಾಕೆ.

"ಎಷ್ಟು ಅಂದ್ರೆ? ನಂಗೆ ಗೊತ್ತಿರೋ ಮರ್ವ್ ಒಬ್ಬನೇ. ನನ್ ಜೊತೆ ಐಸ್ ಹಾಕಿ ಆಡ್ತಿದ್ದ."

"ಇದು ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತೆ ಅನ್ನೋ ನಂಬರು. ದೊಡ್ಡದಾದಷ್ಟೂ ಇನ್ನೂ ಸಣ್ಣ ಕಣ ಹಿಡಿಯುತ್ತೆ. ಆದ್ರೆ..."

"ಇರೋದ್ರಲ್ಲಿ ದೊಡ್ಡದು?"

"ಹದಿನಾರು. ಆದ್ರೆ ಸಾರ್..."

ಎರಡನೆಯ 'ಆದ್ರೆ' ಮುಗಿಯುವಷ್ಟರಲ್ಲಿ ಎಮಿಲ್ ದುಡ್ಡು ಕೊಟ್ಟು, ಫಿಲ್ಟರ್ ಹಿಡಿದು ಬಾಗಿಲು ದಾಟಿದ್ದ.

ಮನೆಗೆ ಬಂದರೆ ಪಕ್ಕದ ಮನೆಯ ಲಾರ್ನ್ ಆಗಲೇ ನೆಲಮಾಳಿಗೆಯಲ್ಲಿದ್ದ. ರೈಲ್ವೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಬೀದಿಯಲ್ಲಿ ಯಾರು ಸ್ಕ್ರೂಡ್ರೈವರ್ ಹಿಡಿದರೂ ಅವನ ಮೂಗಿಗೆ ವಾಸನೆ ಬಡಿಯುತ್ತಿತ್ತು. ಎದುರುಮನೆಯ ಸ್ಟೆಫಾ ಅಜ್ಜಿಯೂ ಒಂದು ತಟ್ಟೆ ಪೆರೊಗಿ ಕಡುಬು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

ಎಮಿಲ್ ಫಿಲ್ಟರ್‌ಗೆ ಟೇಪು ಹಿಡಿದ. "ಮೋಸ! ಇಪ್ಪತ್ತು ಇಂಚು ಅಂತ ಬರೆದಿದೆ, ಅರ್ಧ ಇಂಚು ಕಮ್ಮಿ ಇದೆ."

"ಮೋಸ ಅಲ್ಲ ಮಾರಾಯ," ಎಂದ ಲಾರ್ನ್. "ಬರೆದಿರೋದು ಹೆಸರಿಗೆ ಅಷ್ಟೆ. ನಿಜವಾದ ಅಳತೆ ಚೂರು ಕಮ್ಮಿ ಇಲ್ದಿದ್ರೆ ಆ ಸಂದಿಯೊಳಗೆ ಹೇಗೆ ತೂರಿಸ್ತೀಯ?"

"ಅಂಚಲ್ಲಿ ಬರೆದಿರೋ ಈ ಬಾಣ ಯಾವ ಕಡೆಗೆ?"

"ಧೂಳು ಬರೋ ಕಡೆಗೆ ತೋರಿಸು. ಹೆದರಿ ವಾಪಸ್ ಹೋಗ್ಲಿ," ಎಂದಳು ಅಜ್ಜಿ.

"ಫರ್ನೇಸ್ ಕಡೆಗೆ! ಅದು ಗಾಳಿ ಹೋಗೋ ದಾರಿ," ಎಂದ ಲಾರ್ನ್.

ಫರ್ನೇಸ್ ಕಡೆಗೇ ತಿರುಗಿಸಿದರು. ಒಂದು ಗಂಟೆ ಎಲ್ಲ ಸರಿಯಾಗಿತ್ತು. ಆಮೇಲೆ ಬೆಚ್ಚಗಿನ ಗಾಳಿ ಸೊರಗಿತು. ಫರ್ನೇಸ್ ಒಮ್ಮೆ ಕೆಮ್ಮಿ ಬೆಂಕಿ ಆರಿಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಡೊರೀನ್ ಅಡುಗೆಮನೆಯಲ್ಲಿ ಕೋಟು ತೊಟ್ಟು ಆಲೂಗಡ್ಡೆ ಸುಲಿಯುತ್ತಿದ್ದಳು. ಸುಲಿದ ಒಂದೊಂದನ್ನೂ ಪಾತ್ರೆಗೆ ಧಡ್ ಎಂದು ಎಸೆಯುತ್ತಿದ್ದಳು. ಎಮಿಲ್‌ಗೆ ಚಳಿಗಿಂತ ಆ ಸದ್ದೇ ಹೆಚ್ಚು ನಡುಕ ತಂದಿತು.

"ಎಷ್ಟು ಮರ್ವ್ ಹಾಕ್ದೆ?" ಎಂದ ಲಾರ್ನ್.

"ಹದಿನಾರು."

"ಅಯ್ಯೋ ಪುಣ್ಯಾತ್ಮ! ಮುದಿ ಫರ್ನೇಸ್ ಮೂಗಿಗೆ ಕಂಬಳಿ ಸುತ್ತಿಬಿಟ್ಟಿದೀಯ. ಉಸಿರಾಡೋಕಾಗ್ದೆ ಒಳಗೇ ಬಿಸಿಯೇರಿ ಆರಿಹೋಗಿದೆ. ಹನ್ನೊಂದರದು ತಗೊಂಡ್ ಬಾ. ನೆರಿಗೆ ಒತ್ತೊತ್ತಾಗಿರ್ಲಿ. ನೆರಿಗೆ ಜಾಸ್ತಿ ಇದ್ದಷ್ಟೂ ಬಟ್ಟೆ ಜಾಸ್ತಿ, ಗಾಳಿಗೂ ಜಾಗ ಜಾಸ್ತಿ."

ಎಮಿಲ್ ಮತ್ತೆ ಓಡಿದ. ಈ ಸಲ ಅಂಗಡಿಯಾಕೆಯ 'ಆದ್ರೆ'ಗಳನ್ನೆಲ್ಲ ಪೂರ್ತಿ ಕೇಳಿಸಿಕೊಂಡ. ಹೊಸ ಫಿಲ್ಟರ್ ತೂರಿಸಿದ್ದೇ ಫರ್ನೇಸ್ ಊಟವಾದ ಬೆಕ್ಕಿನಂತೆ ಹಿತವಾಗಿ ಗುರುಗುಟ್ಟತೊಡಗಿತು.

ಸಂಜೆ ವರ್ನಾ ಒಳಗೆ ಬಂದವಳೇ ಮೂಗು ಮೇಲೆತ್ತಿದಳು. ಸೀನಿಗೆ ಒಡೆದೀತೆಂದು ಡೊರೀನ್ ಮೇಜಿನ ಮೇಲಿದ್ದ ಗಾಜಿನ ಹೂಜಿಯನ್ನು ಎದೆಗವಚಿಕೊಂಡಳು. ವರ್ನಾಳ ಮೂಗಿನ ಹೊಳ್ಳೆ ಅರಳಿತು, ಅದುರಿತು, ಸುಮ್ಮನಾಯಿತು. ಸೀನು ಬರಲಿಲ್ಲ.

"ಏನಿದು, ಗಾಳಿ ಇಷ್ಟು ಹಗುರವಾಗಿದೆ?"

ಎಮಿಲ್ ಎದೆಯುಬ್ಬಿಸಿದ. ಮರ್ವ್, ನೆರಿಗೆ, ಬಾಣ, ಹೆಸರಿನ ಅಳತೆ, ನಿಜದ ಅಳತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ವರ್ನಾ ಅವನ ಮಾತಿಗೆ ಅಡ್ಡ ಬಾಯಿ ಹಾಕಲಿಲ್ಲ.

"ಶಭಾಷ್ ಎಮಿಲ್!" ಎಂದಳು, ಕಣ್ಣು ತೇವ ಮಾಡಿಕೊಂಡು. "ಒಳ್ಳೆ ಗಾಳಿ ಇರೋ ಕಡೆ ಚಳಿಗಾಲ ಕಳಿ ಅಂತ ಡಾಕ್ಟರು ಹೇಳಿದ್ದಕ್ಕೇ ನಾನು ಅರಿಜೋನಾಕ್ಕೆ ಹೊರಟಿದ್ದು. ಇನ್ಯಾಕೆ ಅಲ್ಲಿಗೆ? ಡೊರೀನ್, ಫೋನ್ ಕೊಡು, ಆ ಬಾಡಿಗೆ ಮನೆ ಬೇಡ ಅಂದ್ಬಿಡ್ತೀನಿ. ಹಿಮ ಕರಗೋವರೆಗೂ ಇಲ್ಲೇ ಇರ್ತೀನಿ."

ಕೋಟು ಕಳಚಿ ಅವನ ಕೈಗಿತ್ತಳು.

"ಬೆನ್ನು ನೆಟ್ಟಗೆ ಮಾಡ್ಕೊ ಎಮಿಲ್. ಕಾರಲ್ಲಿ ಇನ್ನೂ ಐದು ಪೆಟ್ಟಿಗೆ ಇವೆ."