ಮಾವನ ಗಾಡಿಮನೆಯ ಸೋರುವ ಪೈಪು

ನನ್ನ ಸೋದರಮಾವ ಜೀವಮಾನದಲ್ಲಿ ಒಬ್ಬ ಪ್ಲಂಬರನನ್ನೂ ಹೊಸಿಲು ದಾಟಲು ಬಿಟ್ಟವರಲ್ಲ. ಹಾಗಂತ ಅವರಿಗೆ ಪ್ಲಂಬಿಂಗ್ ಬರುತ್ತದೆ ಎಂದು ತಿಳಿದುಕೊಳ್ಳಬೇಡಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು ಅವರು. ಉಕ್ಕನ್ನು ಕೂದಲೆಳೆಯಷ್ಟು ಲೆಕ್ಕಾಚಾರದಲ್ಲಿ ಕಡೆದ ಕೈಗೆ ಯಃಕಶ್ಚಿತ್ ನಲ್ಲಿ ಯಾವ ಮಹಾ ಎಂಬುದು ಅವರ ವಾದ. ಆ ವಾದ ನಲ್ಲಿಗಳಿಗೆ ಮಾತ್ರ ಒಪ್ಪಿಗೆಯಿಲ್ಲ. ಲಗ್ಗೆರೆಯ ಅವರ ಮನೆಯಲ್ಲಿ ಬಿಸಿನೀರು ಬೇಕಾದರೆ ನೀಲಿ ನಲ್ಲಿ ತಿರುಗಿಸಬೇಕು. ಅಡುಗೆಮನೆಯ ನಲ್ಲಿ ನಿಲ್ಲಿಸಬೇಕಾದರೆ ತಾರಸಿ ಹತ್ತಬೇಕು.

ಇಂಥವರು ನಿವೃತ್ತರಾದ ಮೇಲೆ ಪೇಪರ್ ಓದಿಕೊಂಡು ಸುಮ್ಮನೆ ಕೂರುತ್ತಾರೆಯೇ? ಪಕ್ಕದ ಖಾಲಿ ಸೈಟಿನಲ್ಲಿ, ಕಾರಿನ ಹಿಂದೆ ಕಟ್ಟಿ ಎಳೆಯುವಂಥ ಗಾಡಿಮನೆಯೊಂದನ್ನು ತಾವೇ ಕಟ್ಟಿದರು. ಎರಡು ಚಕ್ರ, ತಗಡಿನ ಗೋಡೆ, ಒಬ್ಬರು ಮಲಗಿದರೆ ಇನ್ನೊಬ್ಬರು ನಿಲ್ಲಬಹುದಾದಷ್ಟು ಜಾಗ. ಬೆಂಚಿನ ಕೆಳಗೆ ನೀರಿನ ಟ್ಯಾಂಕು, ಬ್ಯಾಟರಿಯಿಂದ ಓಡುವ ಪುಟ್ಟ ಪಂಪು, ಪಾತ್ರೆ ತೊಳೆಯಲು ಒಂದು ನಲ್ಲಿ, ಮೂಲೆಯಲ್ಲಿ ಬೀರುವಿನಷ್ಟೇ ಅಗಲದ, ಕಕ್ಕಸೂ ಸೇರಿದ ಬಚ್ಚಲು. ನೆಂಟರಿಷ್ಟರೆಲ್ಲ ಸೇರಿದ ಕಡೆ ಈ ಗಾಡಿಮನೆಯ ಮಾತೆತ್ತಿ ನಕ್ಕವರಲ್ಲಿ ನಾನೂ ಒಬ್ಬಳು.

ದಾವಣಗೆರೆಯಲ್ಲಿ ಅತ್ತೆಯ ಅಕ್ಕ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ತಂಗಿಯನ್ನು ನೋಡಬೇಕೆಂದು ದಿನವೂ ಫೋನು. ಭಾನುವಾರ ಬೆಳಿಗ್ಗೆ ಗಾಡಿಮನೆಯಲ್ಲೇ ಹೊರಡುವುದೆಂದಾಯಿತು, ನಾನೂ ಜೊತೆಗೆ. ಆದರೆ ಶುಕ್ರವಾರ ಮಾವನ ಫೋನು ಬಂತು.

"ನಾಳೆ ಬಾರೇ, ಟಾರ್ಚ್ ಹಿಡಿಯೋಕೆ ಒಬ್ರು ಬೇಕು. ಪಂಪು ತಾನಾಗೇ ಎದ್ದು ಗೊರಕೆ ಹೊಡೀತಿದೆ."

ನಲ್ಲಿ ತಿರುಗಿಸಿದರೆ ಓಡಬೇಕು, ಮುಚ್ಚಿದರೆ ಸುಮ್ಮನಿರಬೇಕು, ಅದು ಪಂಪಿನ ಧರ್ಮ. ಇದು ಯಾರೂ ಮುಟ್ಟದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಗುರ್ರೆನ್ನುತ್ತಿತ್ತು. ಎಲ್ಲೋ ನೀರು ಸೋರಿ ಪೈಪಿನೊಳಗಿನ ಒತ್ತಡ ಇಳಿಯುತ್ತಿದೆ ಎಂದರ್ಥ.

"ಪ್ಲಂಬರ್ ಕರೀರಿ ಮಾವ," ಎಂದೆ.

"ಪ್ಲಂಬರ್‌ಗೆ ನಿಂತಿರೋ ಮನೆ ಗೊತ್ತು ಕಣೆ. ಓಡೋ ಮನೆ ಗೊತ್ತಾ?"

ಶನಿವಾರ ಬೆಳಿಗ್ಗೆ ಹೋದೆ. ಪೈಪುಗಳಲ್ಲಿ ಒಟ್ಟು ಹದಿನೇಳು ಜೋಡಣೆಗಳು. ಮಾವ ಎಲ್ಲವನ್ನೂ ಹಳೇ ಪಂಚೆಯಿಂದ ಒರೆಸಿ ಒಣಗಿಸಿದರು. ಆಮೇಲೆ ದೇವರಮನೆಯಿಂದ ವಿಭೂತಿ ತಂದು ಒಂದೊಂದಕ್ಕೂ ಪುಡಿ ಸವರಿದರು. ನೀರು ಜಿನುಗಿದ ಕಡೆ ಬಿಳಿ ಬಣ್ಣ ಮಾಸುತ್ತದೆಂಬ ಉಪಾಯ. ಕಾಫಿ ತಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಮದುವೆ ಆದಾಗಿನಿಂದ ಹೇಳ್ತಿದೀನಿ, ಸ್ನಾನ ಆದ್ಮೇಲೆ ಹಣೆಗೆ ವಿಭೂತಿ ಹಚ್ಕೊಳ್ಳಿ ಅಂತ. ಆ ಪುಣ್ಯ ಪೈಪ್‌ಗಿತ್ತು ನೋಡು."

ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿಬಿದ್ದ. ಹದಿನಾರು ಜೋಡಣೆಗಳು ಬೆಳ್ಳಗಿದ್ದವು. ಬಚ್ಚಲಿಗೆ ಹೋಗುವ ಪೈಪಿನ ತಿರುವೊಂದು ಮಾತ್ರ ಒದ್ದೆಯಾಗಿ ಕಪ್ಪಗಾಗಿತ್ತು.

"ಆ ಲೈನೇ ಮುಚ್ಚಿಬಿಡಿ ಮಾವ. ಎರಡು ಕ್ಯಾನಲ್ಲಿ ನೀರು ತಗೊಂಡ್ ಹೋದ್ರಾಯ್ತು."

ಮಾವ ನನ್ನ ಮುಖ ನೋಡಿದರು. "ಆಗಲ್ಲ," ಎಂದಷ್ಟೇ ಹೇಳಿ ಸ್ಪ್ಯಾನರ್ ಕೈಗೆತ್ತಿಕೊಂಡರು.

ಪೈಪು ಬಿಚ್ಚುವ ಮೊದಲು ಪಂಪು ನಿಲ್ಲಿಸಬೇಕೆಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಮಾವ ಹಾಗೇ ತಿರುಗಿಸಿದರು. ನೀರು ನೇರವಾಗಿ ನನ್ನ ಕನ್ನಡಕಕ್ಕೆ ಬಡಿಯಿತು. ಟಾರ್ಚ್ ಒಂದು ಕಡೆ, ನಾನೊಂದು ಕಡೆ. ಮಾವ ತೃಪ್ತಿಯಿಂದ ತಲೆಯಾಡಿಸಿ, "ಪ್ರೆಷರ್ ಚೆನ್ನಾಗಿದೆ," ಎಂದರು.

ಹೊಸ ತಿರುವನ್ನು ಅಂಟಿಸಿ, ಊಟ ಮುಗಿಸಿ ಬಂದು ನೋಡಿದರೆ ಒಂದು ಹನಿಯೂ ಇಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಅವರು ಮಾವ ಹೇಗಾಗುತ್ತಿದ್ದರು? ಓಡುವಾಗಲೂ ನೋಡಬೇಕಂತೆ. ಅವರು ಕಾರಿನಲ್ಲಿ, ನಾನು ಗಾಡಿಮನೆಯೊಳಗೆ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫೋನ್. ಮನೆಯ ಹಿಂದಿನ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಸವಾರಿ ಹೊರಟಿತು. ಮೊದಲನೇ ಹಂಪು.

"ಬಂತಾ?"

"ಇಲ್ಲ."

ಎರಡನೇ ಹಂಪು. "ಈಗ?"

"ಇಲ್ಲ ಮಾವ."

ಮೂರನೆಯದಕ್ಕೆ ನನ್ನ ತಲೆ ಬೆಂಚಿಗೆ ತಗುಲಿತು, ಪೈಪು ಚಟಕ್ಕೆಂದಿತು. ಕೇಳುವ ಮೊದಲೇ, "ಬಂತು," ಎಂದೆ.

ಗಾಡಿ ಪಕ್ಕಕ್ಕೆ ನಿಂತಿತು. ಯಾರೋ ತಗಡು ತಟ್ಟಿದರು. ಬಾಗಿಲು ತೆಗೆದರೆ ಒಬ್ಬ ಅಜ್ಜಿ, ಅವರ ಹಿಂದೆ ಇನ್ನೂ ಮೂವರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆ ಚೀಟಿಗಳು.

"ಬಿಪಿ ನೋಡ್ತೀರೇನಮ್ಮ ಡಾಕ್ಟ್ರೇ?"

"ಇಲ್ಲ ಅಜ್ಜಿ, ಇಲ್ಲಿ ಪೈಪ್ ನೋಡ್ತಿದೀವಿ."

"ಪೈಪ್ ಬುಟ್ಟು ನೋಡ್ತೀರಾ? ಅಯ್ಯೋ, ನಂಗದು ಬ್ಯಾಡ ಕಣವ್ವ," ಎಂದು ಅಜ್ಜಿ ಹಿಂದಿನ ಮೂವರನ್ನೂ ಕರೆದುಕೊಂಡು ಹೊರಟೇಹೋದರು.

ಇದಕ್ಕೂ ಮಾವ ನಗಲಿಲ್ಲ. ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ಮುರಿದ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾನೇ ದಡ್ಡ ಕಣೆ. ನಿಂತಿರೋ ಮನೆ ಪೈಪ್ ತಂದು ಓಡೋ ಮನೆಗೆ ಹಾಕಿದೀನಿ. ಇದು ಬಗ್ಗಲ್ಲ, ಕುಲುಕಿದ್ರೆ ಬಿರುಕು ಬಿಡ್ದೆ ಇನ್ನೇನ್ ಮಾಡುತ್ತೆ?"

ಮಾವ ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ಕೂಡಲೇ ಲಾರಿ ಬಿಡಿಭಾಗಗಳ ಅಂಗಡಿಗೆ ಹೋಗಿ ಬಗ್ಗುವ ರಬ್ಬರ್ ಪೈಪು ತಂದರು. ಬಚ್ಚಲಿನ ಲೈನನ್ನು ಪೂರ್ತಿ ಕಿತ್ತು ಇದನ್ನು ಹಾಕಿದರು. ಎರಡು ತುದಿಗೂ ಕ್ಲಿಪ್ ಬಿಗಿದು, ಹಲಗೆಗೆ ಉಜ್ಜುವ ಕಡೆ ಹಳೇ ಟ್ಯೂಬಿನ ತುಂಡು ಸುತ್ತಿದರು. ಸಂಜೆ ಅದೇ ಮೂರು ಹಂಪುಗಳ ಮೇಲೆ ಎರಡು ಸುತ್ತು ಹಾಕಿದೆವು. ನನ್ನ ತಲೆ ಮತ್ತೆರಡು ಸಲ ಬೆಂಚಿಗೆ ತಗುಲಿತು. ಪೈಪು ಮಾತ್ರ ಒಣಗಿಯೇ ಇತ್ತು.

ಭಾನುವಾರ ಊರು ದಾಟಿದ ಮೇಲೆ ಅತ್ತೆ ಮಾವನ ಭುಜ ಮುಟ್ಟಿದರು. ಮಾವ ಹೊಂಗೆ ಮರದ ಕೆಳಗೆ ನಿಲ್ಲಿಸಿ, ಇಳಿದು, ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ಅತ್ತೆ ಗಾಡಿಮನೆಯೊಳಗೆ ಹೋಗಿ ಬಂದರು. ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದರು:

"ಗರ್ಭಕೋಶದ ಆಪರೇಷನ್ ಆದ್ಮೇಲೆ ಒಂದ್ ಗಂಟೆನೂ ತಡ್ಕೊಳೋಕಾಗಲ್ಲ ಕಣೆ ನಂಗೆ. ಒಂದ್ಸಲ ಬಸ್ಸಲ್ಲೇ ಸೀರೆ ಒದ್ದೆ ಆಗೋಯ್ತು. ಅವತ್ತೇ ಹೇಳ್ದೆ, ಇನ್ಮೇಲೆ ನಾನು ಎಲ್ಲಿಗೂ ಬರಲ್ಲ ಅಂತ. ಇವ್ರು ಏನೂ ಅನ್ಲಿಲ್ಲ. ಮುಂದಿನ ವಾರ ಎರಡು ಚಕ್ರ ತಂದಿಟ್ರು."

ಅಷ್ಟು ಜನ ಅಷ್ಟು ನಕ್ಕರೂ ಆ ಮನುಷ್ಯ ಒಂದು ದಿನವೂ ಕಾರಣ ಹೇಳಿರಲಿಲ್ಲ.

ದಾವಣಗೆರೆ ಮುಟ್ಟುವ ಹೊತ್ತಿಗೆ ಇನ್ನೂ ಆರು ಸಲ ನಿಲ್ಲಿಸಿದೆವು. ಅಕ್ಕ ಮಂಚದಿಂದಲೇ ಎರಡೂ ಕೈ ಚಾಚಿದರು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು.

"ಇಷ್ಟ್ ದೂರ ಹೆಂಗ್ ಬಂದಿ?" ಎಂದು ಅಕ್ಕ ಕೇಳಿದರು.

ಅತ್ತೆ ಬಾಗಿಲತ್ತ ನೋಡಿದರು. ಮಾವ ಅಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಇವ್ರು ಕರ್ಕೊಂಡ್ ಬಂದ್ರು," ಎಂದರು.